ಹೊಸ ಟೀಮ್ ಲೀಡ್‌ಗೆ: ಸಾಫ್ಟ್‌ವೇರ್ ಪ್ರಾಜೆಕ್ಟ್ ಹೀಗೆ ನಡೆಸಿ

ನನ್ನ ಟೀಮಿನಿಂದ ಯಾರಾದರೂ ಲೀಡ್ ಆದರೆ ನಾನು ಮೊದಲು ಹೇಳುವುದು ಇದು: ಕೆಲಸವನ್ನು ಚಿಕ್ಕದಾಗಿ ಒಡೆಯಿರಿ. 'ಪೇಮೆಂಟ್ ಮಾಡ್ಯೂಲ್' ಅಂತ ಒಂದೇ ಟಿಕೆಟ್ (ಮಾಡಬೇಕಾದ ಕೆಲಸದ ನಮೂದು) ಬರೆದರೆ ಅದು ವಾರಗಟ್ಟಲೆ 'ಇನ್ನೇನು ಮುಗೀತು' ಅಂತಲೇ ಇರುತ್ತದೆ. 'ಯುಪಿಐ ಪಾವತಿ ಆಗದಿದ್ದರೆ ಗ್ರಾಹಕರಿಗೆ ಕಾರಣ ತೋರಿಸುವುದು' ಅಂತ ಬರೆಯಿರಿ. ಎರಡು ದಿನದಲ್ಲಿ ಮುಗಿಯುವಷ್ಟಿರಲಿ. ರಿವ್ಯೂ, ಟೆಸ್ಟ್ ಎರಡೂ ಆಗಿ, ಸ್ಟೇಜಿಂಗ್ ಸರ್ವರ್‌ನಲ್ಲಿ (ಗ್ರಾಹಕರಿಗೆ ಬಿಡುವ ಮುಂಚೆ ಪರೀಕ್ಷಿಸುವ ಸರ್ವರ್) ಓಡಿದ ಮೇಲೆಯೇ ಟಿಕೆಟ್ ಮುಚ್ಚಿ.

ಎಷ್ಟು ದಿನ ಬೇಕು ಅಂತ ಕೋಡ್ ಬರೆಯುವವರನ್ನೇ ಕೇಳಿ. ಅವರು ಎಂಟು ದಿನ ಅಂದರೆ ಸುಮ್ನೆ ಐದಕ್ಕೆ ಇಳಿಸಬೇಡಿ.

ತಡವಾದಾಗ ಎಲ್ಲರಿಗೂ ಮೊದಲು ಹೊಳೆಯುವುದು ಜನರನ್ನು ಸೇರಿಸುವುದು. ಇದನ್ನು ತಡೆಯಲೇಬೇಕು. 5 ಜನರಿದ್ದರೆ ಇಬ್ಬಿಬ್ಬರ ನಡುವೆ 10 ಮಾತುಕತೆಯ ದಾರಿಗಳು. 10 ಜನರಾದರೆ 45! ಮೇಲಾಗಿ ಹೊಸಬರಿಗೆ ಕೋಡ್ ಅರ್ಥ ಮಾಡಿಸಲು ಹಳಬರೇ ಕೂರಬೇಕು, ಅಲ್ವಾ? ಆಗ ನಡೆಯುತ್ತಿದ್ದ ಕೆಲಸವೂ ನಿಲ್ಲುತ್ತದೆ. ಅದರ ಬದಲು ಕ್ಲೈಂಟ್ ಜೊತೆ ಕೂತು ಪಟ್ಟಿ ತೆಗೆಯಿರಿ. ಮೊದಲ ದಿನವೇ ಇರಬೇಕಾದದ್ದು ಯಾವುದು, ಮುಂದಿನ ರಿಲೀಸ್‌ಗೆ ಕಾಯಬಹುದಾದದ್ದು ಯಾವುದು? ಎಕ್ಸೆಲ್ ರಿಪೋರ್ಟ್ ಕಾಯುತ್ತದೆ, ರೀಫಂಡ್ ಕಾಯುವುದಿಲ್ಲ. ತಡದ ಸುದ್ದಿಯನ್ನು ಅವರಿಗೆ ನೀವೇ ಹೇಳಿ, ಗೊತ್ತಾದ ದಿನವೇ ಹೇಳಿ. ಅದರ ಬೈಗುಳ ಟೀಮಿನ ಹುಡುಗರ ತನಕ ಹೋಗಬಾರದು.

ಶುಕ್ರವಾರ ಸಂಜೆ ರಿಲೀಸ್ ಬೇಡ. ಮಂಗಳವಾರ ಬೆಳಿಗ್ಗೆ ಮಾಡಿ. ಹಿಂದಿನ ಆವೃತ್ತಿಗೆ ಮರಳುವ ಹೆಜ್ಜೆಗಳನ್ನು ಮುಂಚೆಯೇ ಬರೆದು, ಸ್ಟೇಜಿಂಗ್‌ನಲ್ಲಿ ಒಮ್ಮೆ ಮಾಡಿ ನೋಡಿ.