ಇಡ್ಲಿ ಹಿಟ್ಟು ಬಲ್ಲವರಿಗೆ ಖಾರಾ ಬನ್ ಕಷ್ಟವಲ್ಲ

ಬಸವನಗುಡಿಯಲ್ಲಿ ಐವತ್ತು ವರ್ಷ ಸಂಸಾರ ಮಾಡಿದವಳು ನಾನು. ಸಂಜೆಯ ಹೊತ್ತಿಗೆ ಅಯ್ಯಂಗಾರ್ ಬೇಕರಿಯಿಂದ ಬಿಸಿ ಬನ್ನಿನ ವಾಸನೆ ಬಂದರೆ ಇಂದಿಗೂ ಕಾಲು ತಾನಾಗಿಯೇ ಚಪ್ಪಲಿ ಹುಡುಕುತ್ತದೆ. ಆದರೆ ಅದೇ ಘಮ ನಮ್ಮ ಅಡುಗೆಮನೆಯಿಂದಲೇ ಎದ್ದಾಗಿನ ಹಿಗ್ಗು ಬೇರೆ. ಮೇಲಿನ ಮನೆಯವರು ಏನೋ ನೆಪ ಮಾಡಿಕೊಂಡು ಕೆಳಗಿಳಿದು ಬರುತ್ತಾರೆ.

ಬನ್ ಎಂದರೆ ಹಿಂಜರಿಯುವ ಸೊಸೆಗೂ, ಈಗ ಮೊಮ್ಮಗನಿಗೂ ನಾನು ಹೇಳುವುದು ಇಷ್ಟೇ: ಇಡ್ಲಿ ಹಿಟ್ಟು ಉಬ್ಬಿಸಲು ಬಂದರೆ ಇದೂ ಬರುತ್ತದೆ. ಕಾಲು ಕಿಲೋ ಮೈದಾಕ್ಕೆ 150 ಮಿಲಿಲೀಟರ್ ಹಾಲು, ಒಂದು ಟೀ ಚಮಚ ಒಣ ಯೀಸ್ಟ್, ಒಂದು ದೊಡ್ಡ ಚಮಚ ಸಕ್ಕರೆ, ಮುಕ್ಕಾಲು ಟೀ ಚಮಚ ಉಪ್ಪು, ಎರಡು ದೊಡ್ಡ ಚಮಚ ಬೆಣ್ಣೆ. ಹಾಲು ಕೂಸಿನ ಸ್ನಾನದ ನೀರಿನಷ್ಟೇ ಬೆಚ್ಚಗಿರಲಿ. ಸುಡುವ ಹಾಲಿಗೆ ಬಿದ್ದ ಯೀಸ್ಟ್ ಸತ್ತೇ ಹೋಗುತ್ತದೆ. ಸಕ್ಕರೆ ಬೆರೆಸಿದ ಹಾಲಿಗೆ ಯೀಸ್ಟ್ ಹಾಕಿ ಹತ್ತು ನಿಮಿಷ ಬಿಡಿ. ನೊರೆ ಏಳದಿದ್ದರೆ ಚೆಲ್ಲಿಬಿಡಿ, ಮೈದಾವಾದರೂ ಉಳಿಯುತ್ತದೆ. ಹಿಟ್ಟು ಚಪಾತಿಯದಕ್ಕಿಂತ ಮೆತ್ತಗಿದ್ದು ಕೈಗೆ ತುಸು ಅಂಟಬೇಕು. ಅಂಟುತ್ತದೆಂದು ಮೇಲೆ ಮೇಲೆ ಒಣಹಿಟ್ಟು ಉದುರಿಸಿದರೆ ಬೇಯುವುದು ಬನ್ನಲ್ಲ, ಗುಂಡುಕಲ್ಲು. ಹತ್ತು ನಿಮಿಷ ಚೆನ್ನಾಗಿ ನಾದಿ, ಮುಚ್ಚಿಡಿ.

ಇನ್ನು ಕಾಯುವ ಕೆಲಸ. ನಮ್ಮದು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಊರು. ಏಪ್ರಿಲ್‌ನಲ್ಲಿ ಒಂದು ಗಂಟೆಗೆ ಎರಡರಷ್ಟಾಗುವ ಹಿಟ್ಟು ಧನುರ್ಮಾಸದ ಚಳಿಯಲ್ಲಿ ಎರಡು ಗಂಟೆ ಕಳೆದರೂ ಮುದುರಿಕೊಂಡೇ ಕೂತಿರುತ್ತದೆ. ಆಗ ಹಚ್ಚದ ಓವನ್ನಿನೊಳಗೆ ಒಂದು ಬಟ್ಟಲು ಬಿಸಿನೀರಿನ ಪಕ್ಕ ಅದನ್ನಿಡುತ್ತೇನೆ. ಗಡಿಯಾರ ನೋಡಬೇಡಿ, ಹಿಟ್ಟನ್ನು ನೋಡಿ. ಬೆರಳಿನಿಂದ ಒತ್ತಿದ ಗುಳಿ ಹಾಗೆಯೇ ನಿಂತರೆ ಹದ ಬಂದಿದೆ.

ಮೊದಲ ಸಲ ನಾನು ಮುಗ್ಗರಿಸಿದ್ದು ಈರುಳ್ಳಿಯಲ್ಲಿ. ಹಸಿಯದನ್ನೇ ಹೆಚ್ಚಿ ಹಾಕಿದೆ. ಉಪ್ಪು ತಾಗಿ ಅದು ನೀರು ಬಿಟ್ಟು, ಹಿಟ್ಟು ದೋಸೆಗೆ ಹೊರಟಿತು. ನಮ್ಮ ಯಜಮಾನರು ತಟ್ಟೆಯಲ್ಲಿದ್ದುದನ್ನು ಮಗುಚಿ ನೋಡಿ, "ಇದು ಬನ್ನೋ, ರೊಟ್ಟಿಯೋ?" ಎಂದರು. ತಿಂದರೇನೋ ಹೌದು, ಎರಡು. ಅಂದಿನಿಂದ ಈರುಳ್ಳಿಯನ್ನು ನೀರಾರುವಂತೆ ಬಾಡಿಸಿ, ಪೂರ್ತಿ ತಣಿದ ಮೇಲೆ ಹಸಿಮೆಣಸಿನಕಾಯಿ, ಕರಿಬೇವು, ಸಬ್ಬಸಿಗೆ ಸೊಪ್ಪಿನ ಜೊತೆ ಉಬ್ಬಿದ ಹಿಟ್ಟಿಗೆ ಸೇರಿಸುತ್ತೇನೆ. ಸಬ್ಬಸಿಗೆ ಬಿಟ್ಟರೆ ನನ್ನ ಲೆಕ್ಕದಲ್ಲಿ ಅದು ಖಾರಾ ಬನ್ನೇ ಅಲ್ಲ.

ಆರು ಉಂಡೆ ಮಾಡಿ, ಇನ್ನರ್ಧ ಗಂಟೆ ಬಿಟ್ಟು, ಮೇಲೆ ಹಾಲು ಸವರಿ, ಮೊದಲೇ ಕಾಯಿಸಿಟ್ಟ ಓವನ್ನಿನಲ್ಲಿ 190 ಡಿಗ್ರಿಯಲ್ಲಿ ಹದಿನೆಂಟರಿಂದ ಇಪ್ಪತ್ತು ನಿಮಿಷ ಬೇಯಿಸಿ. ನಡುನಡುವೆ ಬಾಗಿಲು ತೆರೆದು ಇಣುಕಬೇಡಿ. ತಳ ತಟ್ಟಿದರೆ ಟೊಳ್ಳು ಸದ್ದು ಬರಬೇಕು. ಹೊರತೆಗೆದ ಕೂಡಲೇ ಬೆಣ್ಣೆ ಸವರಿದರೆ ಮೇಲ್ಭಾಗ ಮೆತ್ತಗಾಗುತ್ತದೆ.

ಹತ್ತು ನಿಮಿಷ ಆರಲಿ. ಆಮೇಲೆ ನಡುವೆ ಸೀಳಿ, ಬೆಣ್ಣೆ ಬಳಿದು, ಒಂದು ಹಿಡಿ ಕಾಂಗ್ರೆಸ್ ಕಡಲೆಕಾಯಿ (ಹುರಿದು ಖಾರ ಮಸಾಲೆ ಬೆರೆಸಿದ ಕಡಲೆಬೀಜ) ತುಂಬಿ, ಪಕ್ಕಕ್ಕೆ ಫಿಲ್ಟರ್ ಕಾಫಿ ಇಟ್ಟುಕೊಳ್ಳಿ. ಕೂತು ತಿನ್ನಿ, ಮೊಬೈಲ್ ನೋಡುತ್ತಾ ಅಲ್ಲ. ಮರುದಿನಕ್ಕೆ ಒಂದೆರಡು ಉಳಿದರೆ ಮೈಕ್ರೋವೇವ್‌ಗೆ ಇಡಬೇಡಿ, ಚಕ್ಕಳವಾಗುತ್ತದೆ. ಸೀಳಿ, ಕಾವಲಿಯ ಮೇಲೆ ಬೆಣ್ಣೆ ಹಾಕಿ ಸಣ್ಣ ಉರಿಯಲ್ಲಿ ಕವುಚಿಡಿ, ಅಂಚು ಗರಿಯಾಗುವವರೆಗೆ.