ಕುದುರೆಮುಖಕ್ಕೆ ಹೊರಟಿದ್ದೀರಾ? ಮೊದಲು ಅನುಮತಿ, ಆಮೇಲೆ ಬ್ಯಾಗು

ಕುದುರೆಮುಖದ ಹಸಿರು ಗುಡ್ಡಗಳ ಫೋಟೊ ನೋಡಿದರೆ ಈ ಶನಿವಾರವೇ ಹೋಗಿಬಿಡೋಣ ಅನಿಸುತ್ತದೆ, ಅಲ್ವಾ? ಸ್ವಲ್ಪ ತಾಳಿ. 1987ರಲ್ಲಿ ರಾಷ್ಟ್ರೀಯ ಉದ್ಯಾನವಾದ, ಸುಮಾರು 600 ಚದರ ಕಿ.ಮೀ. ಹರಡಿದ ಕಾಡು ಇದು. ಶಿಖರಕ್ಕೆ ಹೋಗಿಬರಲು ಹೆಚ್ಚುಕಡಿಮೆ 20 ಕಿ.ಮೀ. ನಡೆಯಬೇಕು.

ಬಸ್ಸು, ಹೋಂಸ್ಟೇ ಹುಡುಕುವ ಮೊದಲು ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಚಾರಣದ ಟಿಕೆಟ್ ತೆಗೆದುಕೊಳ್ಳಿ. 2024ರಲ್ಲಿ ದಿನಕ್ಕೆ 300 ಜನರ ಮಿತಿ ಹಾಕಲಾಯಿತು. ಶನಿವಾರ, ಭಾನುವಾರದ ಜಾಗ ಬೇಗ ತುಂಬಿಹೋಗುತ್ತದೆ. ವಾರದ ನಡುವೆ ರಜೆ ಸಿಕ್ಕರೆ ಬಿಡಬೇಡಿ. ಬುಕ್ ಮಾಡುವಾಗ ಕೊಟ್ಟ ಗುರುತಿನ ಚೀಟಿಯೇ ಜೊತೆಯಲ್ಲಿರಲಿ.

ಮೊದಲ ಸಲ ಹೋಗುವವರಿಗೆ ಅಕ್ಟೋಬರ್‌ನಿಂದ ಜನವರಿ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ ಇರುವುದರಿಂದ ಚಾರಣ ನಿಲ್ಲಿಸುವುದುಂಟು.

ಕಳಸಕ್ಕೆ ಬಂದು, ಬಾಳೆಗಲ್‌ನಿಂದ ಜೀಪಿನಲ್ಲಿ ಚಾರಣ ಶುರುವಾಗುವ ಮುಳ್ಳೋಡಿ ತಲುಪಿ. ದಾರಿ ತುಂಬ ಕಲ್ಲು. ಸಣ್ಣ ಕಾರು ತರಬೇಡಿ. ಹಿಂದಿನ ರಾತ್ರಿಯೇ ಅಲ್ಲಿ ಉಳಿದರೆ ಬೆಳಗಿನ ತಂಪಲ್ಲಿ ಹೊರಡಬಹುದು. ಮೊಬೈಲ್ ಸಿಗ್ನಲ್ ನೆಚ್ಚಿಕೊಳ್ಳದೆ, ಮನೆಯವರಿಗೆ ಮೊದಲೇ ಹೇಳಿಬಿಡಿ.

ಬ್ಯಾಗಿನಲ್ಲಿ ಎರಡು ಲೀಟರ್ ನೀರು, ಬುತ್ತಿ, ರೇನ್‌ಕೋಟ್ ಸಾಕು. ಮಳೆಗಾಲದಲ್ಲಿ ಉಂಬಳಗಳ ಕಾಟ ಜಾಸ್ತಿ. ಪ್ಯಾಂಟನ್ನು ಉದ್ದನೆಯ ಸಾಕ್ಸ್ ಒಳಗೆ ಸೇರಿಸಿ. ಕಚ್ಚಿದ ಉಂಬಳವನ್ನು ಜಗ್ಗಬೇಡಿ. ಬಾಯಿ ಕಚ್ಚಿದ ಜಾಗಕ್ಕೆ ಉಗುರು ತಾಗಿಸಿ ಮೆಲ್ಲಗೆ ಬಿಡಿಸಿ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡದ ಕಾರಣ ಸ್ವಲ್ಪ ಹೊತ್ತು ರಕ್ತ ಜಿನುಗುತ್ತದೆ. ಹೆದರಬೇಡಿ.

ಇನ್ನು ನಡಿಗೆ. ನಾನು ಹೆಚ್ಚು ಒತ್ತಿ ಹೇಳಬೇಕಾದ್ದು ಇದನ್ನೇ: ಕಾಲುದಾರಿ ಬಿಡಬೇಡಿ. ಬೋಳು ಗುಡ್ಡ ನೋಡಿ ಇಲ್ಲೇನಿದೆ, ಬರೀ ಹುಲ್ಲು ಅಂದುಕೊಳ್ಳುತ್ತೇವೆ. ಆ ಹುಲ್ಲು ಮಳೆನೀರನ್ನು ಹಿಡಿದು ಮಣ್ಣಿಗಿಳಿಸುತ್ತದೆ. ಕಣಿವೆಯ ಮಡಿಲಲ್ಲಿರುವ ಶೋಲಾ, ಅಂದರೆ ಗಿಡ್ಡ ಮರಗಳ ನಿತ್ಯಹಸಿರು ಕಾಡು, ಅದನ್ನು ಹಳ್ಳಕ್ಕೆ ನಿಧಾನವಾಗಿ ಬಿಡುತ್ತದೆ. ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವುದು ಈ ಬೆಟ್ಟಸಾಲಿನಲ್ಲೇ. ಇಲ್ಲಿನ ಕಬ್ಬಿಣದ ಅದಿರಿನ ಗಣಿಗಾರಿಕೆ ಸುಪ್ರೀಂ ಕೋರ್ಟ್ ಆದೇಶದಿಂದ 2005ರ ಕೊನೆಗೆ ನಿಂತಿತು. ಅಷ್ಟು ಹೋರಾಡಿ ಉಳಿಸಿಕೊಂಡ ನೆಲ ಇದು. ನಾಲ್ಕು ಹೆಜ್ಜೆ ಉಳಿಯಲಿ ಎಂದು ಹತ್ತು ಜನ ಅಡ್ಡದಾರಿ ತುಳಿದರೆ, ಮಳೆಗಾಲದಲ್ಲಿ ಆ ಜಾಡೇ ಕೊರಕಲಾಗುತ್ತದೆ.

ಶಿಖರದಲ್ಲಿ ಕ್ಷಣದಲ್ಲಿ ಮಂಜು ಮುಸುಕುತ್ತದೆ. ಜೊತೆಗೆ ಬರುವ ಗೈಡ್ ಕಣ್ಣಳತೆಯಲ್ಲೇ ಇರಿ. ಮೇಲೆ ರಾತ್ರಿ ತಂಗಲು ಅವಕಾಶವಿಲ್ಲ. ಗೈಡ್ ತಿರುಗೋಣ ಎಂದರೆ ಶಿಖರ ಹತ್ತಿರದಲ್ಲೇ ಕಂಡರೂ ತಿರುಗಿ. ಇಳಿಯುವಾಗಲೇ ಮಂಡಿಗೆ ಹೆಚ್ಚು ಕೆಲಸ. ಅದಕ್ಕೂ ಒಂದಿಷ್ಟು ಶಕ್ತಿ, ಅರ್ಧ ಬಾಟಲಿ ನೀರು ಉಳಿಸಿಕೊಳ್ಳಿ. ಬುತ್ತಿಯ ಕವರು, ಖಾಲಿ ಬಾಟಲಿ ನಿಮ್ಮ ಬ್ಯಾಗಿನಲ್ಲೇ ಕೆಳಗೆ ಬರಲಿ.