ಬಾರ್‌ಕೋಡ್ 890 ಇದ್ದರೆ ಭಾರತದ್ದೇ ಅನ್ಬೇಡಿ

ತುಮಕೂರು ಎಂ.ಜಿ. ರೋಡಲ್ಲಿ ಟಾರ್ಚು, ಆಟಿಕೆ ಕೊಳ್ಳುವಾಗ ಬಾರ್‌ಕೋಡ್ 890ರಿಂದ ಶುರುವಾದರೆ ಸ್ವದೇಶಿ ಅಂದುಕೊಳ್ಳೋರು ಜಾಸ್ತಿ. ತಪ್ಪು. ಕಂಪನಿ ಆ ನಂಬರನ್ನು ಬಾರ್‌ಕೋಡ್ ನಂಬರ್ ಕೊಡುವ ಭಾರತದ ಜಿಎಸ್‌1 ಸಂಸ್ಥೆಯಿಂದ ಪಡೆದಿದೆ ಅಂತಷ್ಟೇ ಅರ್ಥ. ಮಾಲು ಎಲ್ಲಿ ಬೇಕಾದರೂ ತಯಾರಾಗಿರಬಹುದು.

ಡಬ್ಬಿ ತಿರುಗಿಸಿ ‘ಕಂಟ್ರಿ ಆಫ್ ಒರಿಜಿನ್’ (ತಯಾರಾದ ದೇಶ) ಸಾಲು ಓದಿ. ‘ಪಿಆರ್‌ಸಿ’ ಅಂದ್ರೂ ಚೀನಾನೇ, ಹೆಸರು ಮಾತ್ರ ಬೇರೆ. ‘ಮಾರ್ಕೆಟೆಡ್ ಬೈ’ ಮುಂದಿನ ಬೆಂಗಳೂರು ವಿಳಾಸ ಮಾರುವವರದ್ದು, ತಯಾರಿಸಿದವರದ್ದಲ್ಲ. ಆಮದು ಪ್ಯಾಕೆಟ್ ಮೇಲೆ ಆಮದುದಾರರ ಹೆಸರು, ವಿಳಾಸ, ಎಂಆರ್‌ಪಿ ಇರಲೇಬೇಕು. ಇವನ್ನು ಬಿಳಿ ಸ್ಟಿಕರ್‌ನಲ್ಲಿ ಅಂಟಿಸಿದ್ದರೆ ಗಾಬರಿ ಬೇಡ; ಆದರೆ ವಿಳಾಸವೇ ಇಲ್ಲದ ಮಾಲು ಕೆಟ್ಟರೆ ಯಾರನ್ನು ಹಿಡೀತೀರಿ?

ಮಕ್ಕಳ ಆಟಿಕೆ ಯಾವ ದೇಶದ್ದಾದರೂ ಐಎಸ್‌ಐ ಗುರುತು ನೋಡಿ, 2021ರಿಂದ ಕಡ್ಡಾಯ. ಬಿಲ್ ಇಟ್ಟುಕೊಳ್ಳಿ, ದೂರಿದ್ದರೆ ಗ್ರಾಹಕ ಸಹಾಯವಾಣಿ 1915.